ಬಿಳಚದ ಚರ್ಮದಲ್ಲಿ ರಕ್ತ ನಿಂತಾಗ: ಕಾರವಾರದ ಒಂದು ಫಿಲ್ಲರ್ ಪ್ರಕರಣ

ಮುಖದ ತಗ್ಗು, ಗೆರೆ ತುಂಬುವ ಜೆಲ್ ಅಂದರೆ ಫಿಲ್ಲರ್. ಅದನ್ನು ಚುಚ್ಚುವಾಗ ಜೆಲ್ ರಕ್ತನಾಳದೊಳಗೆ ಹೋದರೆ ಅಲ್ಲಿನ ಚರ್ಮ ಬೆಳ್ಳಗೆ ಬಿಳಚಿಕೊಳ್ಳುತ್ತದೆ, ನೋವಾಗುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಪುಸ್ತಕದ ಚಿತ್ರಗಳೂ ಅದನ್ನೇ ತೋರಿಸುತ್ತವೆ. ಆ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರವು. ಕರಾವಳಿಯ ಬಿಸಿಲು ಕಂಡ ಕಂದು ಮುಖದಲ್ಲಿ ಆ ಬಿಳುಪು ಕಾಣದೇ ಹೋಗಬಹುದು. ಜೆಲ್‌ನಲ್ಲಿಯೇ ಮರಗಟ್ಟಿಸುವ ಔಷಧ ಲಿಗ್ನೊಕೇನ್ ಬೆರೆತಿರುವುದರಿಂದ ನೋವೂ ಗೊತ್ತಾಗದಿರಬಹುದು. ಇಲ್ಲಿ ಬರೆದಿರುವ ಪ್ರಕರಣದಲ್ಲಿ ಎರಡೂ ಹಾಗೆಯೇ ಆಯಿತು. ಬೆರಳಿನಿಂದ ಒತ್ತಿ ಸೆಕೆಂಡು ಎಣಿಸಿದ್ದರಿಂದ ಮಾತ್ರ ತೊಂದರೆ ಬೆಳಕಿಗೆ ಬಂತು. ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇವೆ.

ಬಂದವರು, ಕೇಳಿದ್ದು

49 ವರ್ಷದ ಮಹಿಳೆ. ಮನೆ ಕುಮಟಾ ಕಡೆ, ಕೆಲಸ ಕಾರವಾರದ ಕಚೇರಿಯೊಂದರಲ್ಲಿ. ಸಕ್ಕರೆ ಅಂಶ ಗಡಿಯಲ್ಲಿದೆ ಎಂದು ತಿಳಿದ ಮೇಲೆ ಊಟ ಹಿಡಿತಕ್ಕೆ ತಂದು, ದಿನಾ ನಡೆದು, ಒಂದು ವರ್ಷದಲ್ಲಿ 9 ಕಿಲೋ ಇಳಿಸಿದ್ದರು. ಆರೋಗ್ಯ ಸುಧಾರಿಸಿತು, ಮುಖ ಮಾತ್ರ ಇಳಿದುಹೋಯಿತು. "ಕಂಡವರೆಲ್ಲ ಹುಷಾರಿಲ್ವಾ ಅಂತ ಕೇಳ್ತಾರೆ ಡಾಕ್ಟ್ರೇ, ಈ ಗೆರೆ ಒಂದು ತುಂಬಿಸಿಕೊಡಿ" ಎಂದು ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ ತೋರಿಸಿದರು. ಏಪ್ರಿಲ್ ಕೊನೆಗೆ ಮಗಳ ಮದುವೆ. ಅವರು ಬಂದದ್ದು ಫೆಬ್ರವರಿ ಮೊದಲ ವಾರದಲ್ಲಿ.

ಗೆರೆ ಕಾಣುವುದು ಒಂದು ಕಡೆ, ಅದಕ್ಕೆ ಕಾರಣ ಇನ್ನೊಂದು ಕಡೆ. ಮುಖದ ಕೊಬ್ಬು ಒಂದೇ ಹಾಸು ಅಲ್ಲ, ಬೇರೆ ಬೇರೆ ಕೋಣೆಗಳಾಗಿ ಹಂಚಿಕೊಂಡಿದೆ ಎಂದು ಸಂಶೋಧಕರಾದ ರೋರಿಕ್ ಮತ್ತು ಪೆಸ್ಸಾ 2007ರಲ್ಲಿ ತೋರಿಸಿದ ಮೇಲೆ ಫಿಲ್ಲರ್ ಹಾಕುವ ಕ್ರಮವೇ ಬದಲಾಗಿದೆ. ಇವರಲ್ಲಿ ಕೆನ್ನೆಯ ಒಳಭಾಗದ ಆಳದ ಕೊಬ್ಬು ಕರಗಿ, ಮೇಲಿನ ಪದರ ಆಧಾರವಿಲ್ಲದೆ ಗೆರೆಯ ಮೇಲೆ ಜೋತುಬಿದ್ದಿತ್ತು. ಮೂಗಿನ ಬುಡದ ಮೂಳೆಯೂ ವಯಸ್ಸಿನೊಂದಿಗೆ ಹಿಂದೆ ಸರಿಯುತ್ತದೆ. ಬಲಗಡೆ ಮೇಲ್ದವಡೆಯ ಹಲ್ಲೊಂದನ್ನು ಬಹಳ ವರ್ಷಗಳ ಹಿಂದೆ ಕೀಳಿಸಿದ್ದರು. ಹಲ್ಲಿಲ್ಲದ ಕಡೆ ಮೂಳೆ ಇನ್ನಷ್ಟು ಸವೆಯುತ್ತದೆ, ಹಾಗಾಗಿ ಆ ಬದಿ ಹೆಚ್ಚು ತಗ್ಗಾಗಿತ್ತು. ಇಂಥ ಮುಖದಲ್ಲಿ ಗೆರೆಯೊಳಗೇ ಎರಡು ಮಿಲಿ ಸುರಿದರೆ ಗೆರೆ ಹೋಗಬಹುದು, ಆದರೆ ಬಾಯಿಯ ಸುತ್ತ ಊದಿಕೊಂಡ ಮುಖವಾಗುತ್ತದೆ. ಮೊದಲು ಕೆನ್ನೆಯನ್ನು ಎತ್ತಿ, ಮೂಗಿನ ಬುಡಕ್ಕೆ ಆಧಾರ ಕೊಟ್ಟು, ಉಳಿದ ಗೆರೆಗೆ ಕೊನೆಯಲ್ಲಿ ಸ್ವಲ್ಪವೇ ಹಾಕುವುದೆಂದು ನಿಶ್ಚಯಿಸಿದೆವು.

ಕೇಳಲೇಬೇಕಾದ ಪ್ರಶ್ನೆಗಳು ಇದ್ದವು. ರಕ್ತ ತೆಳುವಾಗಿಸುವ ಮಾತ್ರೆ, ಎರಡು ವಾರದೊಳಗೆ ಹಲ್ಲಿನ ಚಿಕಿತ್ಸೆ ಅಥವಾ ಜ್ವರ, ಮೊದಲು ಎಲ್ಲಾದರೂ ಫಿಲ್ಲರ್ ಹಾಕಿಸಿದ್ದು, ಮೂಗಿನ ಶಸ್ತ್ರಚಿಕಿತ್ಸೆ, ತುಟಿಯ ಮೇಲೆ ಮರುಕಳಿಸುವ ಸರ್ಪಸುತ್ತಿನಂಥ ಗುಳ್ಳೆ. ಯಾವುದೂ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆಯನ್ನು ಮರೆಯಬಾರದು: ಜೇನು ಕಡಿದಾಗ ಏನಾಗುತ್ತದೆ? ಫಿಲ್ಲರ್ ಕರಗಿಸುವ ಔಷಧ ಹೈಲುರಾನಿಡೇಸ್ ಒಂದು ಕಿಣ್ವ. ಜೇನ್ನೊಣ ಮತ್ತು ಕಣಜದ ವಿಷದಲ್ಲಿಯೂ ಅದೇ ಜಾತಿಯ ಕಿಣ್ವವಿದೆ. ಕಡಿತಕ್ಕೆ ಮೈಯೆಲ್ಲ ದದ್ದು, ಉಸಿರುಕಟ್ಟುವಿಕೆ, ತಲೆಸುತ್ತು ಬಂದವರಲ್ಲಿ ಔಷಧಕ್ಕೂ ಅಲರ್ಜಿ ಆಗುವ ಸಾಧ್ಯತೆ ಹೆಚ್ಚು. ಶಿರಸಿ, ಸಿದ್ದಾಪುರ, ಹೊನ್ನಾವರದ ಮೇಲ್ಭಾಗದ ಮನೆಗಳಲ್ಲಿ ತುಡುವೆ ಪೆಟ್ಟಿಗೆ ಇಡುವುದು ವಾಡಿಕೆ, ಕಡಿಸಿಕೊಳ್ಳದವರೇ ಕಡಿಮೆ. ಕಡಿದ ಜಾಗ ಊದಿದ್ದು ಅಲರ್ಜಿಯಲ್ಲ. ಕಡಿತದಿಂದ ಆಸ್ಪತ್ರೆ ಸೇರಿದ್ದಿದೆಯೇ ಎಂಬುದು ಮುಖ್ಯ. ಈ ಮಹಿಳೆಯ ತವರು ಶಿರಸಿ ಕಡೆಯದು. ಚಿಕ್ಕಂದಿನಲ್ಲಿ ಹಲವು ಸಲ ಕಡಿಸಿಕೊಂಡಿದ್ದರು, ಊತ ಬಿಟ್ಟು ಬೇರೇನೂ ಆಗಿರಲಿಲ್ಲ. ಇದನ್ನು ಕಡತದಲ್ಲಿ ಬರೆದುಕೊಂಡದ್ದು ಮುಂದೆ ನಿಮಿಷಗಳನ್ನು ಉಳಿಸಿತು.

ಯೋಜನೆ ಮತ್ತು ಪ್ರಮಾಣ

ಒಟ್ಟು 3 ಮಿಲಿ. ಒಂದು ಮಿಲಿಯ ಎರಡು ಸಿರಿಂಜ್ ಗಟ್ಟಿ ಜೆಲ್, ಮಿಲಿಗೆ 20 ಮಿಲಿಗ್ರಾಂ ಹೈಲುರಾನಿಕ್ ಆಸಿಡ್ (ಹೈಲುರಾನಿಡೇಸ್ ಕರಗಿಸುವುದು ಇದನ್ನೇ), 0.3 ಶೇಕಡಾ ಲಿಗ್ನೊಕೇನ್ ಬೆರೆತದ್ದು. ಒಂದು ಸಿರಿಂಜ್ ಮೆದು ಜೆಲ್. ಗಟ್ಟಿ ಜೆಲ್‌ನಲ್ಲಿ ಪ್ರತಿ ಬದಿಗೆ ಕೆನ್ನೆಮೂಳೆಯ ಮೇಲೆ ಎರಡು ಬಿಂದುಗಳಲ್ಲಿ 0.2 ಮಿಲಿಯಂತೆ 0.4, ಕೆನ್ನೆಯ ಒಳಭಾಗದ ಆಳಕ್ಕೆ 0.4, ಮೂಗಿನ ಬುಡದ ತಗ್ಗಿಗೆ ಮೂಳೆಯ ಮೇಲೆ 0.2. ಮೆದು ಜೆಲ್‌ನಲ್ಲಿ ಪ್ರತಿ ಬದಿಗೆ ಮೂಗು-ಬಾಯಿ ಗೆರೆಗೆ 0.2, ಬಾಯಿಯ ಮೂಲೆಯಿಂದ ಗದ್ದಕ್ಕೆ ಇಳಿಯುವ ಗೆರೆಗೆ 0.3.

ಮದುವೆಗೆ ಹನ್ನೊಂದು ವಾರ ಇತ್ತು, ಅದು ಒಳ್ಳೆಯದೇ ಆಯಿತು. ರಕ್ತ ಹೆಪ್ಪಿನ ಕಲೆ ಹೋಗಲು ಎರಡು ವಾರ ಹಿಡಿಯಬಹುದು, ಏನಾದರೂ ಕರಗಿಸಿ ಮತ್ತೆ ಹಾಕಬೇಕಾದರೆ ಇನ್ನೂ ಆರು ವಾರ ಬೇಕು. ಮದುವೆಗೆ ಹತ್ತು ದಿನ ಇರುವಾಗ ಬಂದು ಕೇಳುವವರಿಗೆ ಆಗದು ಎನ್ನುವುದೇ ಸರಿ. ಹೊಸ ಸೂಜಿಗಾಯದ ಮೇಲೆ ಅರಿಶಿನ ಶಾಸ್ತ್ರದ ಲೇಪ ಬಳಿಯುವುದು ಸೋಂಕನ್ನು ಕರೆದಂತೆ.

ಪೆಟ್ಟಿಗೆಯ ಮೇಲಿನ ಆಮದು ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಮುಗಿಯುವ ದಿನಾಂಕ ನೋಡಿ, ಸಿರಿಂಜಿನ ಚೀಟಿಯನ್ನು ಕಡತಕ್ಕೆ ಅಂಟಿಸಿದೆವು. ಚೀಟಿ ಇಲ್ಲದ, ಅಗ್ಗಕ್ಕೆ ತರಿಸಿದ ಜೆಲ್ ನಿಜಕ್ಕೂ ಹೈಲುರಾನಿಕ್ ಆಸಿಡ್ ಹೌದೋ ಅಲ್ಲವೋ ಎಂಬ ಖಾತ್ರಿಯಿಲ್ಲ. ಅಲ್ಲದಿದ್ದರೆ ಅದನ್ನು ಕರಗಿಸುವ ಔಷಧವೇ ಇಲ್ಲ.

ಸೂಜಿ ಹಿಡಿಯುವ ಮೊದಲು

ಮರಗಟ್ಟಿಸಲು ಹಚ್ಚುವ ಲಿಗ್ನೊಕೇನ್-ಪ್ರೈಲೊಕೇನ್ ಮುಲಾಮು ತಾನೇ ಚರ್ಮವನ್ನು ಸ್ವಲ್ಪ ಬಿಳಚಿಸುತ್ತದೆ. ಅದನ್ನು ಪೂರ್ತಿ ಒರೆಸಿ, ಬಣ್ಣ ಮರಳುವವರೆಗೆ ಕಾದೆವು. ಹಲ್ಲಿನ ವೈದ್ಯರು ಬಳಸುವ ಅಡ್ರಿನಲಿನ್ ಬೆರೆತ ಇಂಜೆಕ್ಷನ್ನಿನಿಂದ ತುಟಿ-ಮೂಗಿನ ಭಾಗವನ್ನು ಮರಗಟ್ಟಿಸಲಿಲ್ಲ. ಅದು ರಕ್ತನಾಳಗಳನ್ನು ಕುಗ್ಗಿಸಿ, ತೊಂದರೆಯ ಗುರುತನ್ನೇ ಮುಚ್ಚಿಹಾಕುತ್ತದೆ. ಆಲ್ಕೋಹಾಲ್ ಸೇರಿದ ಕ್ಲೋರ್‌ಹೆಕ್ಸಿಡಿನ್ನಿನಿಂದ ಮುಖ ಒರೆಸಿದೆವು, ಕಣ್ಣಿನ ಹತ್ತಿರಕ್ಕೆ ಮಾತ್ರ ಅದನ್ನು ಒಯ್ಯಲಿಲ್ಲ, ಏಕೆಂದರೆ ಕಾರ್ನಿಯಾವನ್ನು ಸುಡುತ್ತದೆ. ಮೂಗುತಿ ತೆಗೆಸಿದೆವು. ಸೋಂಕಿನ ಭಯಕ್ಕಷ್ಟೇ ಅಲ್ಲ, ಹೊಳ್ಳೆಯ ಚರ್ಮವನ್ನು ಒತ್ತಿ ನೋಡಬೇಕಾದ ಜಾಗವೇ ಅದು.

ಆಮೇಲೆ ಮುಖದ ಐದು ಜಾಗಗಳಲ್ಲಿ ಎರಡೂ ಬದಿ ರೀಫಿಲ್ ಅಳೆದೆವು: ಹುಬ್ಬುಗಳ ನಡುವಿನ ಪಕ್ಕ, ಹೊಳ್ಳೆಯ ಹೊರಬದಿ, ಕೆನ್ನೆ, ಮೇಲ್ದುಟಿ, ಗದ್ದ. ಬೆರಳಿನ ತುದಿಯಿಂದ ಐದು ಸೆಕೆಂಡು ಒತ್ತಿ, ಬಿಟ್ಟು, ಬಣ್ಣ ಎಷ್ಟು ಸೆಕೆಂಡಿಗೆ ಮರಳುತ್ತದೆ ಎಂದು ಎಣಿಸುವುದು. ಎರಡು ಸೆಕೆಂಡಿನೊಳಗೆ ಮರಳಿದರೆ ಸರಿ. ಎ.ಸಿ. ಜೋರಾಗಿರುವ ಕೋಣೆಯಲ್ಲಿ ಆರೋಗ್ಯವಂತರಿಗೂ ತಡವಾಗಬಹುದು, ಅದಕ್ಕೇ ಮೊದಲಿನ ಅಂಕಿ ಬರೆದಿಟ್ಟುಕೊಳ್ಳಬೇಕು. ಇವರಿಗೆ ಎಲ್ಲ ಕಡೆ ಎರಡು ಸೆಕೆಂಡಿಗಿಂತ ಕಡಿಮೆ ಇತ್ತು. ದಪ್ಪ ಚರ್ಮದ ಮೇಲೆ ಬಣ್ಣ ಗೊತ್ತಾಗದಿದ್ದರೆ ತುಟಿಯನ್ನು ಮಗುಚಿ ಒಳಗಿನ ತೇವದ ಪದರವನ್ನು ನೋಡಬೇಕು. ಅಲ್ಲಿ ಹೆಚ್ಚಿನವರ ಬಣ್ಣ ಗುಲಾಬಿಯೇ.

ತುರ್ತು ಪೆಟ್ಟಿಗೆ ಕೈಯಳತೆಯಲ್ಲಿತ್ತು: 1500 ಯುನಿಟ್‌ನ ಹೈಲುರಾನಿಡೇಸ್ ವಯಲ್ ಆರು, ಸಲೈನ್, ಅಡ್ರಿನಲಿನ್, 325 ಮಿಲಿಗ್ರಾಂ ಆಸ್ಪಿರಿನ್, ಟಾರ್ಚ್, ಗಡಿಯಾರ, ಕಣ್ಣಿನ ತಜ್ಞರ ಫೋನ್ ಸಂಖ್ಯೆ. ಆರು ವಯಲ್ ಯಾಕೆಂದರೆ, ಮುಖದ ಮೂರು ಭಾಗಗಳಿಗೆ ತಗುಲಿದ ರಕ್ತನಾಳ ತಡೆಗೆ ತಾಸಿಗೆ 1500 ಯುನಿಟ್‌ನಂತೆ ನಾಲ್ಕು ತಾಸು ಕೊಟ್ಟರೆ ನಾಲ್ಕು ವಯಲ್ ಖಾಲಿ. ರಾತ್ರಿ ಏಳರ ನಂತರ ಈ ಔಷಧ ಹುಡುಕಿಕೊಂಡು ಔಷಧ ಅಂಗಡಿಗಳಿಗೆ ಅಲೆಯುವ ಪರಿಸ್ಥಿತಿ ಬರಬಾರದು. ಒಂದೇ ವಯಲ್ ಇಟ್ಟುಕೊಂಡು ಫಿಲ್ಲರ್ ಹಾಕುವುದು ನಮ್ಮ ದೃಷ್ಟಿಯಲ್ಲಿ ಇಲ್ಲದೇ ಹಾಕಿದಂತೆಯೇ.

ಚುಚ್ಚಿದ ಕ್ರಮ, ಆದದ್ದು

ಕೆನ್ನೆಮೂಳೆಯ ಬಿಂದುಗಳಿಗೆ 27 ಗೇಜ್ ಸೂಜಿ, ಮೂಳೆ ತಾಗುವವರೆಗೆ. ಕೆನ್ನೆಯ ಒಳಭಾಗಕ್ಕೆ 25 ಗೇಜ್ ಮೊಂಡುತುದಿಯ ಕ್ಯಾನುಲಾ. ಪ್ರತಿ 0.1 ಮಿಲಿಗೆ ಕನಿಷ್ಠ ಹತ್ತು ಸೆಕೆಂಡು. ಕೆನ್ನೆಗಳೆರಡೂ ತೊಂದರೆಯಿಲ್ಲದೆ ಮುಗಿದವು, 1.6 ಮಿಲಿ ಹೋಯಿತು. ಎಡಗಡೆ ಮೂಗಿನ ಬುಡದ 0.2 ಕೂಡ ಸಲೀಸಾಗಿ ಆಯಿತು.

ಬಲಗಡೆ ಅದೇ ಜಾಗ. ಸೂಜಿ ಮೂಳೆ ತಾಗಿತು. ಎಂಟು ಸೆಕೆಂಡು ಹಿಂದಕ್ಕೆಳೆದು ನೋಡಿದಾಗ ರಕ್ತ ಬರಲಿಲ್ಲ. ನಿಧಾನವಾಗಿ 0.15 ಮಿಲಿ ಹೋದ ಮೇಲೆ ಕ್ರಮದಂತೆ ನಿಲ್ಲಿಸಿ ಒತ್ತಿ ನೋಡಿದಾಗ ಹೊಳ್ಳೆಯ ಹೊರಬದಿಯಲ್ಲಿ ಬಣ್ಣ ಮರಳಲು ಐದು ಸೆಕೆಂಡು ಹಿಡಿಯಿತು. ಬಲ ಮೇಲ್ದುಟಿಗೆ ನಾಲ್ಕು. ಎಡಗಡೆ ಮೊದಲಿನಂತೆಯೇ ಇತ್ತು. ಚರ್ಮದ ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ. "ನೋವಿದೆಯಾ ಅಕ್ಕ?" ಎಂದು ಕೇಳಿದಾಗ ಇಲ್ಲ ಎಂದರು. ಮೇಲ್ದುಟಿಯನ್ನು ಮಗುಚಿ ನೋಡಿದಾಗ ಬಲ ಅರ್ಧದ ಒಳಪದರ ಬೂದು ಬಣ್ಣಕ್ಕೆ ತಿರುಗಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಹೊಳ್ಳೆಯ ಪಕ್ಕದಲ್ಲಿ ಬಲೆಯಂಥ ಮಸುಕು ಗೆರೆಗಳು ಕಂಡವು. ಇವು ಸ್ಪಷ್ಟವಾಗಲು ಇನ್ನೂ ನಾಲ್ಕು ನಿಮಿಷ ಹಿಡಿಯಿತು.

ಮುಖದ ಅಪಧಮನಿ ದವಡೆಯ ಅಂಚನ್ನು ದಾಟಿ ಬಾಯಿಯ ಮೂಲೆಯ ಹತ್ತಿರ ಮೇಲೇರುತ್ತದೆ, ಮೇಲ್ದುಟಿಗೆ ಒಂದು ಕವಲು ಕೊಡುತ್ತದೆ, ಹೊಳ್ಳೆಗೆ ಇನ್ನೊಂದು, ಆಮೇಲೆ ಆಂಗುಲರ್ ಎಂಬ ಹೆಸರಿನಲ್ಲಿ ಕಣ್ಣಿನ ಒಳಮೂಲೆಯ ಕಡೆಗೆ ಸಾಗುತ್ತದೆ. ತುಟಿ ಮತ್ತು ಹೊಳ್ಳೆ ಎರಡಕ್ಕೂ ಒಟ್ಟಿಗೆ ರಕ್ತ ಕಡಿಮೆಯಾಯಿತೆಂದರೆ ಜೆಲ್ ಆ ಕವಲೊಡೆಯುವ ಜಾಗದ ಹತ್ತಿರ ಸೇರಿದೆ ಎಂದರ್ಥ. ಮೂಳೆಯ ಮೇಲಿನ ಪದರ ಇಲ್ಲಿ ಸುರಕ್ಷಿತವೆಂದು ಕಲಿಸುತ್ತಾರೆ, ಬಹುಪಾಲು ಅದು ನಿಜ. ಆದರೆ ನಾಳದ ದಾರಿ ಎಲ್ಲರಲ್ಲೂ ಒಂದೇ ಅಲ್ಲ, ಒಬ್ಬರ ಎಡ-ಬಲದಲ್ಲಿಯೂ ಒಂದೇ ಅಲ್ಲ. ಸೂಜಿ ಇಳಿಯುವ ದಾರಿಯಲ್ಲಿಯೇ ನಾಳವನ್ನು ತೂರಿ ಹೋಗಬಹುದು.

ಹಿಂದಕ್ಕೆಳೆದಾಗ ರಕ್ತ ಬರದಿದ್ದರೆ ನಾಳದಲ್ಲಿಲ್ಲ ಎಂದು ನಂಬುವುದು ಅಪಾಯ. 27 ಗೇಜಿನ ಸಣ್ಣ ಕೊಳವೆಯಲ್ಲಿ ಗಟ್ಟಿ ಜೆಲ್ ತುಂಬಿರುತ್ತದೆ, ರಕ್ತ ಅದನ್ನು ದಾಟಿ ಬರಲು ಕೆಲವೊಮ್ಮೆ ಆಗುವುದೇ ಇಲ್ಲ. ಎಳೆತಕ್ಕೆ ಸಣ್ಣ ನಾಳದ ಗೋಡೆ ಮುಚ್ಚಿಕೊಳ್ಳುತ್ತದೆ. ಎಳೆದು, ಮತ್ತೆ ಒತ್ತುವ ಹೊತ್ತಿಗೆ ಕೈ ಒಂದು ಮಿಲಿಮೀಟರ್ ಸರಿದಿರುತ್ತದೆ. ರಕ್ತ ಬಂದರೆ ಹೊರತೆಗೆಯಬೇಕು, ಬರದಿದ್ದರೆ ಅದರಿಂದ ಏನೂ ತಿಳಿದಂತಾಗಲಿಲ್ಲ. ಕ್ಯಾನುಲಾ ಕೂಡ ಪೂರ್ತಿ ಅಭಯ ಕೊಡುವುದಿಲ್ಲ, ಆದರೆ ವ್ಯತ್ಯಾಸ ದೊಡ್ಡದು: 2021ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಸೂಜಿಯಿಂದ 6,410 ಸಿರಿಂಜಿಗೆ ಒಂದು, ಕ್ಯಾನುಲಾದಿಂದ 40,882 ಸಿರಿಂಜಿಗೆ ಒಂದು ರಕ್ತನಾಳ ತಡೆ ದಾಖಲಾಗಿದೆ.

ಮೊದಲ ಮೂರು ತಾಸು

ಸೂಜಿ ಹೊರತೆಗೆದು, ಗಡಿಯಾರ ನೋಡಿ ಸಮಯ ಬರೆದುಕೊಂಡೆವು. ಜೆಲ್ ಹೊರಗಿನಿಂದ ನಾಳವನ್ನು ಒತ್ತುತ್ತಿದ್ದರೆ ಒಂದು ನಿಮಿಷದ ನೀವುವಿಕೆಗೆ ಸಡಿಲಾಗಬಹುದು. ನೀವಿದ ಮೇಲೂ ಐದು ಸೆಕೆಂಡು ಹಾಗೇ ಉಳಿಯಿತು. ಅಲ್ಲಿಗೆ ಸಂದೇಹ ಮುಗಿಯಿತು.

ಕಣ್ಣನ್ನು ಮೊದಲು ನೋಡಬೇಕು. ಒಂದೊಂದೇ ಕಣ್ಣು ಮುಚ್ಚಿ ಬೆರಳು ಎಣಿಸಲು ಹೇಳಿದೆವು, ಕಣ್ಣುಪಾಪೆ ಬೆಳಕಿಗೆ ಕುಗ್ಗುವುದನ್ನು, ರೆಪ್ಪೆ ಜೋತಿಲ್ಲವೆಂಬುದನ್ನು, ಗುಡ್ಡೆ ಎಲ್ಲ ದಿಕ್ಕಿಗೆ ತಿರುಗುವುದನ್ನು ನೋಡಿದೆವು. ಎಲ್ಲ ಸರಿಯಿತ್ತು. ನಂತರ ಪ್ರತಿ ಹದಿನೈದು ನಿಮಿಷಕ್ಕೆ ಇದನ್ನೇ ಮರುಕಳಿಸಿದೆವು.

ಒಂದು ವಯಲ್‌ಗೆ 3 ಮಿಲಿ ಸಲೈನ್ ಬೆರೆಸಿದರೆ ಮಿಲಿಗೆ 500 ಯುನಿಟ್. 2017ರಲ್ಲಿ ವೈದ್ಯ ಡಿಲೊರೆಂಜಿ ಬರೆದ ಕ್ರಮದಲ್ಲಿ ಅರ್ಧ ತುಟಿಯಷ್ಟು ಭಾಗಕ್ಕೆ 500, ಎರಡು ಭಾಗಕ್ಕೆ 1000, ಮೂರಕ್ಕೆ 1500 ಯುನಿಟ್, ತಾಸಿಗೊಮ್ಮೆ, ರಕ್ತ ಮರಳುವವರೆಗೆ. ಇಲ್ಲಿ ಅರ್ಧ ಮೇಲ್ದುಟಿ, ಹೊಳ್ಳೆಯ ಬದಿ, ಗೆರೆಯ ಮೇಲ್ಭಾಗ ಸೇರಿ ಮೂರು. ಆರನೇ ನಿಮಿಷಕ್ಕೆ 1500 ಯುನಿಟ್ ಪೂರ್ತಿ ಕೊಟ್ಟಾಗಿತ್ತು. ಸೂಜಿ ಚುಚ್ಚಿದ ಬಿಂದುವಿಗೆ ಮಾತ್ರವಲ್ಲ, ರಕ್ತ ಕಡಿಮೆಯಾದ ಚರ್ಮದ ಉದ್ದಗಲಕ್ಕೂ, ಸಣ್ಣ ಸಣ್ಣ ಹನಿಗಳಾಗಿ. ನಾಳದೊಳಗೇ ಸೂಜಿ ತೂರಿಸುವ ಸಾಹಸ ಬೇಕಿಲ್ಲ, ಕಿಣ್ವ ನಾಳದ ಗೋಡೆಯನ್ನು ದಾಟಿ ಒಳಗಿನ ಜೆಲ್‌ಗೆ ತಲುಪುತ್ತದೆ. ಪ್ರಮಾಣದಲ್ಲಿ ಜಿಪುಣತನ ತೋರಿಸುವವರೇ ಸೋಲುತ್ತಾರೆ: ಊತ ಇಳಿಸಲು ಕೊಡುವ 50-100 ಯುನಿಟ್ ಇಲ್ಲಿ ಏನೂ ಸಾಲದು. ಕಿಣ್ವ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೆ ತಾಸಿಗೊಮ್ಮೆ.

ಚರ್ಮದ ಅಲರ್ಜಿ ಪರೀಕ್ಷೆಗೆ ಕಾಯಲಿಲ್ಲ. ಚರ್ಮ ಸಾಯುತ್ತಿರುವಾಗ ಅದಕ್ಕೆ ಸಮಯವಿಲ್ಲ. ಜೇನಿನ ಉತ್ತರ ಮೊದಲೇ ಕೈಯಲ್ಲಿತ್ತು, ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜಿಗೆ ಏರಿಸಿ ಪಕ್ಕದಲ್ಲಿಟ್ಟಿದ್ದೆವು.

ಬೆಚ್ಚನೆಯ ಬಟ್ಟೆ ಇಟ್ಟು, ಐದು ನಿಮಿಷಕ್ಕೊಮ್ಮೆ ಗಟ್ಟಿಯಾಗಿ ನೀವಿದೆವು. ಮಂಜುಗಡ್ಡೆ ತಾಗಿಸಲಿಲ್ಲ. ಆಸ್ಪಿರಿನ್ 325 ಮಿಲಿಗ್ರಾಂ ಅಗಿಯಲು ಕೊಟ್ಟೆವು, ಹೊಟ್ಟೆಹುಣ್ಣು ಇಲ್ಲವೆಂದು, ಜ್ವರ ಇಲ್ಲವೆಂದು ಮತ್ತೊಮ್ಮೆ ಕೇಳಿದ ಮೇಲೆ. ಡೆಂಗಿ ಮತ್ತು ಮಂಗನ ಕಾಯಿಲೆ ಓಡಾಡುವ ಈ ಜಿಲ್ಲೆಯಲ್ಲಿ ಜ್ವರವಿದ್ದವರಿಗೆ ಆಸ್ಪಿರಿನ್ ಕೊಡುವುದು ರಕ್ತಸ್ರಾವಕ್ಕೆ ದಾರಿ. ನೈಟ್ರೊಗ್ಲಿಸರಿನ್ ಮುಲಾಮು ಹಚ್ಚಲಿಲ್ಲ. ಆರೋಗ್ಯವಾಗಿರುವ ಪಕ್ಕದ ನಾಳಗಳು ಹಿಗ್ಗಿ, ಜೆಲ್ ಇನ್ನೂ ಮುಂದಕ್ಕೆ ಹೋಗುವ ಭಯವಿದೆ, ರಕ್ತದೊತ್ತಡವೂ ಇಳಿಯುತ್ತದೆ.

ಒಂದು ತಾಸಿಗೆ ತುಟಿ ಎರಡು ಸೆಕೆಂಡಿಗೆ ಬಂತು, ಹೊಳ್ಳೆ ನಾಲ್ಕಕ್ಕೆ ನಿಂತಿತ್ತು. ಮತ್ತೆ 1000 ಯುನಿಟ್, ಹೊಳ್ಳೆಗೆ ಮತ್ತು ಗೆರೆಯ ಮೇಲ್ಭಾಗಕ್ಕೆ. ಎರಡು ತಾಸಿಗೆ ಹೊಳ್ಳೆ ಮೂರು ಸೆಕೆಂಡು. ಉಳಿದ 500 ಯುನಿಟ್ ಹೊಳ್ಳೆಯ ಸುತ್ತ. ಮೂರನೇ ತಾಸಿಗೆ ಎಲ್ಲ ಕಡೆ ಎರಡು ಸೆಕೆಂಡು, ತುಟಿಯೊಳಗಿನ ಬೂದು ಹೋಗಿ ಗುಲಾಬಿ ಮರಳಿತ್ತು. ಒಟ್ಟು 3000 ಯುನಿಟ್, ಎರಡು ವಯಲ್.

ಕಣ್ಣಿಗೆ ತಗುಲಿದ್ದರೆ

ಆಂಗುಲರ್ ಅಪಧಮನಿ ಮೂಗಿನ ಮೇಲ್ಭಾಗದಲ್ಲಿ ಕಣ್ಣಿನ ಅಪಧಮನಿಯ ಕವಲುಗಳ ಜೊತೆ ಕೂಡುತ್ತದೆ. ಒತ್ತಡದಿಂದ ಹಿಂದಕ್ಕೆ ಹರಿದ ಜೆಲ್ ಕಣ್ಣಿನ ಒಳಪದರವಾದ ರೆಟಿನಾದ ನಾಳವನ್ನು ಮುಚ್ಚಬಹುದು. 2015ರಲ್ಲಿ ಒಟ್ಟುಮಾಡಿದ 98 ದೃಷ್ಟಿನಾಶ ಪ್ರಕರಣಗಳಲ್ಲಿ ಹುಬ್ಬಿನ ನಡು, ಮೂಗು, ಮೂಗು-ಬಾಯಿ ಗೆರೆ, ಹಣೆ ಈ ನಾಲ್ಕೇ ಜಾಗಗಳು ಮುಖ್ಯವಾಗಿದ್ದವು. ರೆಟಿನಾ ತಾಳುವುದು 60ರಿಂದ 90 ನಿಮಿಷ ಎಂದು ಹೇಳಿಕೊಂಡು ಬಂದಿದ್ದಾರೆ, ಅದಕ್ಕಿಂತ ಬಹಳ ಕಡಿಮೆ ಎಂಬ ವಾದಕ್ಕೂ ಬಲವಿದೆ. ಕಾರವಾರದಿಂದ ದೊಡ್ಡ ಆಸ್ಪತ್ರೆಯಿರುವ ಗೋವಾದ ಬಾಂಬೋಳಿ ನೂರು ಕಿಲೋಮೀಟರಿನಷ್ಟು, ಮಣಿಪಾಲ ಅದರ ಇಮ್ಮಡಿಗೆ ಹತ್ತಿರ, ಹುಬ್ಬಳ್ಳಿಗೆ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ದಾರಿಯ ಲೆಕ್ಕವೇ ತಪ್ಪುತ್ತದೆ: 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಹಾಗಾಗಿ ಈ ಊರಿನಲ್ಲಿ ಕಣ್ಣಿನ ತುರ್ತನ್ನು ಬೇರೆ ಊರಿಗೆ ಕಳಿಸಿ ನಿಭಾಯಿಸುವ ಯೋಚನೆ ನಡೆಯುವುದಿಲ್ಲ. ಸ್ಥಳೀಯ ಕಣ್ಣಿನ ತಜ್ಞರೊಬ್ಬರ ಜೊತೆ ಮೊದಲೇ ಮಾತಾಡಿಕೊಂಡಿರಬೇಕು: ಗುಡ್ಡೆ ನೀವುವುದು, ಕಣ್ಣೊಳಗಿನ ಒತ್ತಡ ಇಳಿಸಲು ಟಿಮೊಲಾಲ್ ಹನಿ ಮತ್ತು ಅಸಿಟಜೋಲಮೈಡ್ 500 ಮಿಲಿಗ್ರಾಂ, ಕಣ್ಣಿನ ಹಿಂದೆ ಹೈಲುರಾನಿಡೇಸ್ ಕೊಡಬೇಕೋ ಬೇಡವೋ, ಕೊಟ್ಟರೆ ಯಾರ ಕೈಯಿಂದ. ಹುಬ್ಬಿನ ನಡುವಿಗೂ ಮೂಗಿನ ಮೇಲಕ್ಕೂ ಫಿಲ್ಲರ್ ಬೇಡವೆಂದು ನಾವು ಹೇಳುವುದಕ್ಕೆ ಈ ದೂರವೂ ಒಂದು ಕಾರಣ.

ಮುಂದಿನ ದಿನಗಳು

ಆ ರಾತ್ರಿ ಕುಮಟಾಕ್ಕೆ ಕಳಿಸದೆ ಕಾರವಾರದಲ್ಲಿಯೇ ಉಳಿಸಿಕೊಂಡೆವು. ಜೊತೆಗಿದ್ದ ಯಜಮಾನರಿಗೆ ಒತ್ತಿ ಎಣಿಸುವುದನ್ನು ಕಲಿಸಿ, ಎರಡು ತಾಸಿಗೊಮ್ಮೆ ವಿಡಿಯೊ ಕಳಿಸಲು ಹೇಳಿದೆವು. ಫೋಟೊ ಬೇಡವೆಂದೆವು. ಕಂದು ಚರ್ಮದ ಫೋಟೊ, ಅದರಲ್ಲೂ ಟ್ಯೂಬ್‌ಲೈಟಿನಡಿ ತೆಗೆದದ್ದು, ಸುಳ್ಳು ಸಮಾಧಾನ ಕೊಡುತ್ತದೆ. ಬಣ್ಣ ಮರಳುವ ವೇಗವನ್ನು ವಿಡಿಯೊ ಮಾತ್ರ ತೋರಿಸುತ್ತದೆ.

ಮೂರನೇ ದಿನ ಹೊಳ್ಳೆಯ ಮಡಿಕೆಯಲ್ಲಿ ಎರಡು ಸಣ್ಣ ಕೀವುಗುಳ್ಳೆಗಳು ಎದ್ದವು. ಇವನ್ನು ಮೊಡವೆಯೆಂದೋ ಸರ್ಪಸುತ್ತೆಂದೋ ತಿಳಿದು ಕೈಬಿಡುವುದು ಸಾಮಾನ್ಯ. ರಕ್ತ ಕೆಲಹೊತ್ತು ನಿಂತ ಚರ್ಮದಲ್ಲಿ ಎರಡು-ಮೂರನೇ ದಿನ ಹೀಗೆಯೇ ಗುಳ್ಳೆ ಏಳುತ್ತದೆ. ರೀಫಿಲ್ ಸರಿಯಿದ್ದುದರಿಂದ ಮತ್ತೆ ಕಿಣ್ವ ಬೇಕಾಗಲಿಲ್ಲ, ಅದು ತಡವಾಗಿದ್ದರೆ ಮೂರನೇ ದಿನವೂ ಕೊಡುತ್ತಿದ್ದೆವು. ಸೋಂಕು ತಡೆಯುವ ಮ್ಯೂಪಿರೊಸಿನ್ ಮುಲಾಮು, ಆಸ್ಪಿರಿನ್ 75 ಮಿಲಿಗ್ರಾಂ ಒಂದು ವಾರ. ಗುಳ್ಳೆ ಒಣಗಿ ಏಳನೇ ದಿನಕ್ಕೆ ಸಿಪ್ಪೆ ಬಿತ್ತು, ಗಾಯ ಉಳಿಯಲಿಲ್ಲ, ತಿಳಿಗಂದು ಕಲೆ ಉಳಿಯಿತು. ಅದಕ್ಕೆ ಸನ್‌ಸ್ಕ್ರೀನ್ ಮತ್ತು ಅಜೆಲೈಕ್ ಆಸಿಡ್ ಕೊಟ್ಟೆವು. ಆರನೇ ವಾರಕ್ಕೆ ಕಲೆ ಹುಡುಕಿದರೆ ಮಾತ್ರ ಸಿಗುವಂತಿತ್ತು.

ಕಿಣ್ವ ಬೇಕಾದ ಜೆಲ್ ಯಾವುದು, ಬೇಡದ್ದು ಯಾವುದು ಎಂದು ಆರಿಸುವುದಿಲ್ಲ. ಬಲಗಡೆ ಮೂಗಿನ ಬುಡದ್ದೆಲ್ಲ ಕರಗಿತು, ಪಕ್ಕದ ಕೆನ್ನೆಯ ಒಳಭಾಗದ್ದೂ ಸ್ವಲ್ಪ ಹೋಯಿತು. ಮಾರ್ಚ್ ಮೂರನೇ ವಾರ ಮತ್ತೆ ನೋಡಿದಾಗ ಎಡ-ಬಲದ ವ್ಯತ್ಯಾಸ ನೇರ ನೋಟಕ್ಕೇ ಗೊತ್ತಾಗುತ್ತಿತ್ತು. ಮುಂದುವರಿಸಬೇಕೆ ಬೇಡವೆ ಎಂದು ತೀರ್ಮಾನಿಸಲು ಅವರಿಗೆ ಒಂದು ವಾರ ಕೊಟ್ಟೆವು. ಕೆನ್ನೆ ಸರಿಮಾಡಲು ಒಪ್ಪಿದರು, ಮೂಗಿನ ಬುಡ ಬೇಡವೆಂದರು. ನಮ್ಮ ಸಲಹೆಯೂ ಅದೇ ಇತ್ತು. ಬಲಗೆನ್ನೆಯ ಆಳಕ್ಕೆ ಕ್ಯಾನುಲಾದಿಂದ 0.3 ಮಿಲಿ, ಪ್ರತಿ 0.1 ಮಿಲಿಯ ನಂತರ ನಿಲ್ಲಿಸಿ ರೀಫಿಲ್ ಎಣಿಸಿ. ಬಾಯಿಯ ಮೂಲೆಯ ಗೆರೆಗಳಿಗೆ ಮೆದು ಜೆಲ್ 0.3ರಂತೆ, ಅದೂ ಕ್ಯಾನುಲಾದಿಂದ. ಮೊದಲ ಸಲದ ಸಿರಿಂಜಿನಲ್ಲಿ ಉಳಿದಿದ್ದ ಗಟ್ಟಿ ಜೆಲ್ಲನ್ನು ಫ್ರಿಜ್ಜಿನಲ್ಲಿಟ್ಟು ಬಳಸುವುದಿಲ್ಲ, ಅಂದೇ ಎಸೆದಿದ್ದೆವು, ಹೊಸ ಸಿರಿಂಜ್ ಒಡೆದೆವು. ಮೂಗು-ಬಾಯಿ ಗೆರೆಗೆ ಏನೂ ಹಾಕಲಿಲ್ಲ. ಬಲಗಡೆ ಆ ಗೆರೆ ಎಡಕ್ಕಿಂತ ತುಸು ಆಳವಾಗಿಯೇ ಉಳಿದಿದೆ, ಅವರು ಅದನ್ನು ಹಾಗೆಯೇ ಒಪ್ಪಿಕೊಂಡಿದ್ದಾರೆ.